ಹೋಟೆಲ್ ಯಜಮಾನರ ಮನೆಯ ಹೊಸ ಬಚ್ಚಲು

ಬಚ್ಚಲು ಒಡೆಯುವ ಮನೆಯಲ್ಲಿ ನಗುವಿಗೆ ಬರವಿಲ್ಲ. ಚೆನ್ನೈನಲ್ಲಿ ಹಳೆಯ ಬಚ್ಚಲುಗಳನ್ನು ಹೊಸದಾಗಿ ಮಾಡಿಕೊಡುವುದೇ ನನ್ನ ಕಸುಬು, ಹಾಗಾಗಿ ಇಂಥ ಪ್ರಸಂಗಗಳು ಸಿಗುತ್ತಲೇ ಇರುತ್ತವೆ. ಆದರೆ ಅಣ್ಣಾ ನಗರದ ಒಬ್ಬ ಉಡುಪಿ ಹೋಟೆಲ್ ಯಜಮಾನರ ಮನೆಯಷ್ಟು ನನಗೆ ಇಷ್ಟವಾದ ಮನೆ ಬೇರೆ ಇಲ್ಲ.

೧. ಬಾಗಿಲ ಕಾವಲು

ನಾನು ಅಮ್ಮ ಎಂದೇ ಕರೆಯುವ ಅವರ ಹೆಂಡತಿ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಂಡಿದ್ದರು. ಅಂದಿನಿಂದ ಅಮ್ಮ ಸ್ನಾನಕ್ಕೆ ಹೋದರೆ ಯಜಮಾನರು ಬಾಗಿಲ ಹೊರಗೇ ನಿಂತು ನಿಮಿಷಕ್ಕೊಮ್ಮೆ "ಇದ್ದೀಯಾ?" ಎಂದು ಕೂಗುತ್ತಿದ್ದರು.

"ಚಂದ ಎಲ್ಲ ಆಮೇಲೆ ಮಗಳೇ," ಎಂದರು ಅಮ್ಮ. "ಇವರು ಕೂಗದ ಹಾಗೆ ಒಂದು ಬಚ್ಚಲು ಮಾಡಿಕೊಡು. ಬಾಯಿ ತೆರೆದ್ರೆ ಸೋಪು ಒಳಗೆ ಹೋಗ್ತದೆ, ತೆರೆಯದಿದ್ರೆ ಇವರು ಬಾಗಿಲು ಒಡೀತಾರೆ."

೨. ನೆಲದ ಪರೀಕ್ಷೆ

ಟೈಲ್ಸ್ ನೋಡಲು ಪುರಸೈವಾಕ್ಕಂನ ಒಂದು ಅಂಗಡಿಗೆ ಹೋದೆವು. ಯಜಮಾನರು ಚೀಲದಿಂದ ಎಣ್ಣೆ ಬಾಟಲಿ ತೆಗೆದು ಎರಡು ಟೈಲ್ಸ್ ಮೇಲೆ ಸುರಿದರು. ಚಪ್ಪಲಿ ಬಿಟ್ಟು ಒರಟಾದದ್ದರ ಮೇಲೆ ಹತ್ತಿ ನಿಂತರು.

"ನಲವತ್ತು ವರ್ಷ ಅಡುಗೆಮನೆಯಲ್ಲಿ ನಿಂತ ಕಾಲಿದು ಮೇಡಂ. ಇದು ಸುಳ್ಳು ಹೇಳುದಿಲ್ಲ."

"ಎನ್ನ ಸಾರ್ ಇದು!" ಎಂದು ತಮಿಳಿನಲ್ಲಿ ಕೂಗುತ್ತ ಬಟ್ಟೆ ಹಿಡಿದು ಓಡಿಬಂದ ಅಂಗಡಿಯವನು, ನುಣುಪಾದ ಇನ್ನೊಂದರ ಮೇಲೆ ಕಾಲಿಟ್ಟು ಧೊಪ್ಪನೆ ಕೂತ. ಯಜಮಾನರೇ ಅವನನ್ನು ಎಬ್ಬಿಸಿ, ಉಳಿದ ಎಣ್ಣೆಯನ್ನು ಅವನ ಸೊಂಟಕ್ಕೆ ತಿಕ್ಕಿದರು. ತಿಕ್ಕುತ್ತಲೇ ನನ್ನತ್ತ ತಿರುಗಿ, "ನುಣುಪಿನದು ಬೇಡ ಮೇಡಂ" ಎಂದರು.

೩. ಗಾಜಿನ ಗೋಡೆ

ನೀರು ಎಲ್ಲ ಕಡೆ ಸಿಡಿಯದೆ ನೆಲ ಒಣಗಿರಲಿ ಎಂದು ನಕ್ಷೆಯಲ್ಲಿ ಷವರಿನ ಜಾಗಕ್ಕೆ ಮಬ್ಬು ಗಾಜಿನ ಅಡ್ಡಗೋಡೆ ಬರೆದಿದ್ದೆ. ಅಮ್ಮನಿಗೆ ಸಿಟ್ಟು ಬಂತು.

"ಇದೆಂತ ಇದು? ಹೋಟೆಲಲ್ಲಿ ಗಾಜಿನ ಹಿಂದೆ ಮೈಸೂರುಪಾಕು ಇಟ್ಟದ್ದು ಸಾಕಾಗ್ಲಿಲ್ವಾ? ಈಗ ನಾನೂ ಕೂತ್ಕೊಳ್ಬೇಕಾ?"

ಯಜಮಾನರು ನಕ್ಷೆಯಿಂದ ತಲೆ ಎತ್ತದೆ, "ಒಳ್ಳೆ ಮಾಲು ಗಾಜಿನ ಹಿಂದೆಯೇ ಇರುದು" ಎಂದರು.

ಅಮ್ಮ ನಗು ಮುಚ್ಚಲು ಸೆರಗಿನಿಂದ ಮುಖ ಒರೆಸಿಕೊಂಡರು. ಗಾಜು ಒಪ್ಪಿಗೆಯಾಯಿತು.

೪. ಕರೆಗಂಟೆ

ಕೊನೆಗೆ ಎಲ್ಲ ಸಿದ್ಧವಾಯಿತು. ಕೂರಲು ಕಲ್ಲಿನ ಕಟ್ಟೆ, ಕೈಗೆ ಸಿಗುವ ಷವರ್, ಗೋಡೆಗೆ ಹಿಡಿಕೆ, ಪಕ್ಕದಲ್ಲೇ ಒಂದು ಕರೆಗಂಟೆ.

"ಬೇಕಾದರೆ ಅಮ್ಮ ಗಂಟೆ ಒತ್ತುತ್ತಾರೆ. ನೀವು ಕೂಗದೆ ಹಾಲ್‌ನಲ್ಲಿ ಆರಾಮಾಗಿ ಕೂತಿರಿ," ಎಂದು ಯಜಮಾನರಿಂದ ಮಾತು ತೆಗೆದುಕೊಂಡೆ.

ಮೊದಲ ದಿನ ನಾನೂ ಅಲ್ಲೇ ಇದ್ದೆ. ಅಮ್ಮ ಒಳಗೆ ಹೋದರು. ಯಜಮಾನರು ಕುರ್ಚಿಯ ತುದಿಯಲ್ಲಿ ಕೂತು ತುಟಿ ಬಿಗಿಹಿಡಿದಿದ್ದರು. ಅವರು ಬಾಯಿ ತೆರೆದಾಗಲೆಲ್ಲ ನಾನು ಕಣ್ಣು ಬಿಡುತ್ತಿದ್ದೆ, ಪಾಪ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಹೀಗೆ ಐದು ನಿಮಿಷ ಕಳೆದಿರಬೇಕು, ಗಂಟೆ ಹೊಡೆಯಿತು.

ಯಜಮಾನರು ಎದ್ದುಬಿದ್ದು ಓಡಿದರು, ಹಿಂದೆ ನಾನು. ಬಾಗಿಲಿಗೆ ಎರಡೂ ಕೈ ಹಚ್ಚಿ, "ಬಿದ್ದಿಯಾ? ಎಂತ ಆಯ್ತು ಮಾರಾಯ್ತಿ?" ಎಂದರು.

ಒಳಗೆ ಷವರಿನ ಸದ್ದು ನಿಂತಿತು.

"ನನಗೆಂತ ಆಗಿಲ್ಲ," ಎಂದರು ಅಮ್ಮ. "ಇಷ್ಟು ಹೊತ್ತಾದ್ರೂ ನಿಮ್ಮ ದನಿಯೇ ಇಲ್ಲ. ನಿಮಗೇ ಎಂತಾದ್ರೂ ಆಯ್ತಾ ಅಂತ ಹೆದರಿ ಒತ್ತಿದೆ."