ತಲೆದಿಂಬಿನಡಿಯ ಚಾರಿತ್ರಿಕ ಚೂರಿ

ಹಳೆಯ ಮಡಚುವ ಚೂರಿಯನ್ನು ಕಂಡಕೂಡಲೇ ಅದರ ಊರು, ಪ್ರಾಯ, ಕುಲಗೋತ್ರ ಹೇಳಬಲ್ಲವರು ಇಡೀ ಉಡುಪಿಯಲ್ಲಿ ಒಬ್ಬರೇ ಇದ್ದರು. ಅದು ನಾನು! ಹಾಗೆಂದು ಹೇಳುತ್ತಿದ್ದವನೂ ನಾನೊಬ್ಬನೇ.

ಎಪ್ಪತ್ತರ ದಶಕದ ಕೊನೆಯ ಮಾತು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದ ನನಗೆ, ಚರಿತ್ರೆ ಕಿಸೆಯಲ್ಲಿಯೂ ಇರಬೇಕೆಂಬ ಹುಚ್ಚು ಹಿಡಿದಿತ್ತು. ಕಾರ್ಕಳದ ಸಂತೆ, ಸಂತೆಕಟ್ಟೆಯ ಗುಜರಿ ಅಂಗಡಿ, ಮಲ್ಪೆ ಬಂದರು ಎಲ್ಲ ಸುತ್ತಿ ಚೂರಿ ತರುತ್ತಿದ್ದೆ. ಮನೆಯ ಜಗಲಿಯಲ್ಲಿ ಭೂತಕನ್ನಡಿ ಹಿಡಿದು ಪರೀಕ್ಷೆ. ಪಾಸಾದದ್ದು ಕಪಾಟಿಗೆ, ಫೇಲಾದದ್ದು ಅಡುಗೆಮನೆಗೆ. "ಇದು ಚೂರಿಯ ಕುಲಕ್ಕೇ ಅವಮಾನ, ತೆಗೆದುಕೋ" ಎಂದು ಹೆಂಡತಿ ಸುಮತಿಯ ಮುಂದೆ ಒಗೆಯುತ್ತಿದ್ದೆ.

"ನಿಮ್ಮ ಪಾಸಾದ ಚೂರಿಯಲ್ಲಿ ಒಂದು ಬದನೆಕಾಯಿ ತುಂಡಾಗುವುದಿಲ್ಲ. ಈ ಮನೆಯ ಸಂಸಾರ ನಡೆಸುವುದು ಫೇಲಾದವೇ" ಎನ್ನುತ್ತಿದ್ದಳು ಅವಳು. ಅಜ್ಞಾನಿಗಳ ಮಾತಿಗೆ ವಿದ್ವಾಂಸರು ಕಿವಿಗೊಡಬಾರದೆಂದು ನಾನು ಮುಂದಿನ ಚೂರಿ ಎತ್ತಿಕೊಳ್ಳುತ್ತಿದ್ದೆ.

ಮಣಿಪಾಲದಲ್ಲಿ ನಿವೃತ್ತ ಡಾಕ್ಟರೊಬ್ಬರಿದ್ದರು. ಆಪರೇಷನ್ ಮಾಡಿ ಮಾಡಿ ಚೂರಿಯ ಮೇಲೇ ಪ್ರೀತಿ ಹುಟ್ಟಿತ್ತೋ ಏನೋ, ಅವರ ಮನೆಯ ಗಾಜಿನ ಕಪಾಟಿನ ತುಂಬ ಹಳೆಯ ಚೂರಿಗಳು. ಒಂದೊಂದರ ಅಡಿಯಲ್ಲೂ ಅದನ್ನು ಕೊಟ್ಟವರ ಹೆಸರು. ನಡುವೆ ಒಂದು ಜಾಗ ಖಾಲಿ!

"ಆದಿತ್ಯವಾರ ನಿಮ್ಮಲ್ಲಿಗೆ ಬರುತ್ತೇನೆ ಮಾಷ್ಟ್ರೇ. ನಿಮ್ಮಲ್ಲಿರುವ ಅತ್ಯುತ್ತಮ ಚೂರಿ ತೋರಿಸಿ. ಒಪ್ಪಿಗೆಯಾದರೆ ಆ ಜಾಗ ನಿಮ್ಮದು" ಎಂದರು ಡಾಕ್ಟರು.

ಗಾಜಿನ ಹಿಂದೆ ನನ್ನ ಹೆಸರು! ಆ ಆಸೆ ನನ್ನನ್ನು ಬಿಡಲೇ ಇಲ್ಲ. ಕೊಡಲು ನನ್ನಲ್ಲಿ ಜಿಂಕೆಕೊಂಬಿನ ಹಿಡಿಯ ಚೂರಿಯೊಂದಿತ್ತು. ಮಲ್ಪೆಯಲ್ಲಿ ಒಬ್ಬ ಮುದಿ ನಾವಿಕನನ್ನು ಕಾಡಿಬೇಡಿ ಪಡೆದದ್ದು. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ ತೋರಿಸಲು ಅನುಕೂಲವಾಗಲೆಂದು ಅದನ್ನು ಸದಾ ಕಿಸೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ.

ಶನಿವಾರ ಕಾಪುವಿಗೆ ಹೋಗಬೇಕಾಯಿತು. ಸುಮತಿಯ ತಂಗಿ ವನಜ ಹೆರಿಗೆಯಾಗಿ ತಾಯಿಮನೆಯಲ್ಲಿದ್ದಳು. ನಾನು ಕೋಣೆಗೆ ಹೋದಾಗ ಯಾರೂ ಇರಲಿಲ್ಲ. ಹೆಂಗಸರೆಲ್ಲ ಮಗುವನ್ನು ಮೀಯಿಸಲು ಬಚ್ಚಲುಮನೆಗೆ ಹೋಗಿದ್ದರು. ಮಗುವಿನ ತಲೆದಿಂಬಿನಡಿಯಿಂದ ಒಂದು ಚೂರಿ ಇಣುಕುತ್ತಿತ್ತು. ಹಸುಗೂಸಿನ ಬಳಿ ಕಬ್ಬಿಣ ಇರಬೇಕು, ಇಲ್ಲದಿದ್ದರೆ ಗಾಳಿ ಸೋಕುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಗಾಳಿ ಸೋಕಿದ್ದು ನನಗೆ!

ಭೂತಕನ್ನಡಿ ಹೊರಬಂತು. ಹಿಡಿ ಹಳದಿಯಾಗಿದೆ, ಪುರಾತನ ದಂತ! ಅಲಗಿನ ತುದಿ ಮುರಿದಿದೆ, ಘೋರ ಯುದ್ಧ! ಒಂದು ಬದಿ ಸುಟ್ಟು ಕಪ್ಪಾಗಿದೆ. ಹಡಗಿಗೆ ಬಿದ್ದ ಬೆಂಕಿ! ತಯಾರಿಸಿದವರ ಗುರುತು ಎಲ್ಲಿಯೂ ಇಲ್ಲ. ಗುರುತು ಹಾಕುವ ಪದ್ಧತಿ ಬರುವ ಮೊದಲಿನದು! ಇಂಥ ಅಮೂಲ್ಯ ವಸ್ತು ಒಂದು ಒದ್ದೆ ಬಟ್ಟೆಯ ಮಗುವಿನ ಕೆಳಗೆ!

ಅತ್ತೆಯನ್ನು ಕೇಳಿದರೆ ಕೊಡುವುದಿಲ್ಲ. ಹಾಗೆಂದು ಮಗುವಿನ ಬಳಿ ಕಬ್ಬಿಣವಿಲ್ಲದಂತೆ ಮಾಡುವಷ್ಟು ಕಟುಕ ನಾನಲ್ಲ. ಕಿಸೆಯಲ್ಲಿದ್ದ ಜಿಂಕೆಕೊಂಬಿನ ಚೂರಿಯನ್ನು ದಿಂಬಿನಡಿಗೆ ತುರುಕಿ, ಚಾರಿತ್ರಿಕ ಚೂರಿಯನ್ನು ಕಿಸೆಗೆ ಇಳಿಸಿದೆ.

ಆದಿತ್ಯವಾರ ಡಾಕ್ಟರು ಬಂದರು. ರೇಷ್ಮೆ ಬಟ್ಟೆಯ ಮೇಲೆ ಚೂರಿಯನ್ನಿಟ್ಟು ದಂತ, ಯುದ್ಧ, ಹಡಗು, ಬೆಂಕಿ ಎಲ್ಲವನ್ನೂ ವಿವರಿಸಿದೆ. ಡಾಕ್ಟರು ಒಮ್ಮೆ ಚೂರಿಯನ್ನು, ಒಮ್ಮೆ ನನ್ನನ್ನು ನೋಡಿದರು. ಅಷ್ಟರಲ್ಲಿ ಕಾಫಿ ತಂದ ಸುಮತಿ ಅಲ್ಲೇ ನಿಂತಳು.

"ಅಯ್ಯೋ! ಇದು ಇಲ್ಲಿ ಎಂತ ಮಾಡುತ್ತಾ ಉಂಟು? ವನಜನ ಮಗುವಿನ ದಿಂಬಿನಡಿಗೆ ಇಡಲಿಕ್ಕೆ ನಾನೇ ಕೊಟ್ಟದ್ದಲ್ವಾ ಇದನ್ನು?"

"ನೀನು ಕೊಟ್ಟದ್ದಾ? ಇದು ದಂತದ..."

"ಎಂತದು ದಂತ! ಅರಶಿನ ಕೊಯ್ದು ಹಳದಿಯಾದದ್ದು. ಹಾಲಿನ ಪುಡಿಯ ಡಬ್ಬಿಯ ಮುಚ್ಚಳ ಎಬ್ಬಿಸುವಾಗ ತುದಿ ಹೋಯಿತು. ಸ್ಟೌವಿನ ಹತ್ತಿರ ಇಟ್ಟು ಸುಟ್ಟುಹೋಯಿತು."

ನಾನು ಕೊನೆಯ ಅಸ್ತ್ರ ತೆಗೆದೆ. "ಮತ್ತೆ ಗುರುತೇ ಇಲ್ಲವಲ್ಲ?"

"ಗುರುತಿಲ್ಲ ಅಂತಲೇ ಅಲ್ವಾ ನೀವು ಅದನ್ನು ಫೇಲ್ ಮಾಡಿ ಅಡುಗೆಮನೆಗೆ ಒಗೆದದ್ದು?"

ಡಾಕ್ಟರು ನಕ್ಕ ರಭಸಕ್ಕೆ ಕಾಫಿ ರೇಷ್ಮೆ ಬಟ್ಟೆಯ ಮೇಲೆ ಚೆಲ್ಲಿತು. ಜಿಂಕೆಕೊಂಬಿನ ಚೂರಿಯನ್ನು ದಿಂಬಿನಡಿಗೆ ಇಟ್ಟು ಇದನ್ನು ತಂದದ್ದನ್ನು ನಾನು ಒಪ್ಪಿಕೊಳ್ಳಲೇಬೇಕಾಯಿತು. ಅವರು ಕಣ್ಣೊರೆಸಿಕೊಂಡು, "ಆ ಜಿಂಕೆಕೊಂಬಿನದ್ದು ಎಂದಿರಲ್ಲ, ಅದನ್ನು ತನ್ನಿ ಮಾರಾಯ್ರೆ. ಜಾಗ ಹಾಗೆಯೇ ಇಟ್ಟಿರುತ್ತೇನೆ" ಎಂದರು. ದೊಡ್ಡ ಮನುಷ್ಯ.

ಮರುದಿನವೇ ಕಾಪುವಿಗೆ ಓಡಿದೆ. ಬಾಗಿಲಲ್ಲೇ ಅತ್ತೆ ಎರಡೂ ಕೈಯೆತ್ತಿ ಮುಗಿದರು. "ನಿಮ್ಮ ಚೂರಿಯನ್ನೇ ಮಗುವಿಗೆ ಇಟ್ಟು ಹೋದಿರಂತೆ, ಸುಮತಿ ಫೋನು ಮಾಡಿ ಹೇಳಿದಳು. ನೀವು ಇಟ್ಟ ಚೂರಿಯಿಂದ ನಮ್ಮ ಮಗು ಉಳಿಯಿತು! ಹುಟ್ಟಿದಲ್ಲಿಂದ ಕಿರುಚುತ್ತಿತ್ತು. ಈಗ ನೋಡಿ, ಎಷ್ಟು ಚಂದ ಮಲಗಿದೆ!"

"ಭಾವ, ನಿಮಗೆ ಜೀವವಾದ ಚೂರಿಯನ್ನೇ ಕೊಟ್ಟಿರಲ್ಲ" ಎಂದು ವನಜ ಕಣ್ಣಲ್ಲಿ ನೀರು ತಂದುಕೊಂಡಳು.

ಜಗತ್ತಿನಲ್ಲಿ ಇಂಥ ಸನ್ಮಾನ ಸ್ವೀಕರಿಸಿದ ಕಳ್ಳ ಬೇರೊಬ್ಬನಿರಲಾರ. ಚೂರಿ ವಾಪಸು ಕೊಡಿ ಎಂದು ಯಾವ ಬಾಯಲ್ಲಿ ಹೇಳಲಿ? ಕೊಟ್ಟ ಪಾಯಸ ಕುಡಿದು ಬಂದೆ. ಮಗು ಸ್ವಲ್ಪ ದೊಡ್ಡದಾಗಲಿ, ತಾನಾಗಿ ಬರುತ್ತದೆ ಎಂದು ಕಾದೆ. ಡಾಕ್ಟರೂ ಕಾದರು.

ಮಗು ನಡೆಯಲು ಕಲಿತ ಮೇಲೆ ಅತ್ತೆ ಉಡುಪಿಗೆ ಬಂದರು. ಚೀಲದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ನನ್ನ ಕೈಗಿತ್ತರು. ಬಿಚ್ಚಿದರೆ ಕೆಂಪು ಪ್ಲಾಸ್ಟಿಕ್ ಹಿಡಿಯ ಒಂದು ಚೂರಿ. ಪಾಪ, ನನಗೂ ಒಂದು ಕಾಣಿಕೆ ತಂದಿದ್ದಾರೆ ಎಂದುಕೊಂಡೆ. ಭೂತಕನ್ನಡಿ ಹಿಡಿದು ಅಲಗನ್ನು ಮೇಲೆ ಕೆಳಗೆ ಪರಿಶೀಲಿಸಿ, ಗಂಭೀರವಾಗಿ ತೀರ್ಪು ಕೊಟ್ಟೆ: "ಬೇಸರ ಮಾಡಬೇಡಿ ಅತ್ತೆ, ಇದು ಸಂತೆಯ ಮಾಲು. ಸುಮತೀ, ಅಡುಗೆಮನೆಗೆ ಹಾಕು!"

ಅತ್ತೆ ಕಣ್ಣು ಬಿಟ್ಟರು. "ಇದು ನಿಮ್ಮದೇ ಚೂರಿ ಅಲ್ವಾ ಮಾರಾಯ್ರೆ! ಆ ಕೊಂಬಿನ ಹಿಡಿ ದೊರಗು, ಮಗುವಿನ ಕೆನ್ನೆಗೆ ತಾಗುತ್ತಿತ್ತು. ಆಚಾರಿಯ ಹತ್ತಿರ ಹೇಳಿ ಚಂದದ ಹೊಸ ಹಿಡಿ ಹಾಕಿಸಿದೆ. ಕೊಂಬನ್ನು ತೆಂಗಿನ ಬುಡಕ್ಕೆ ಬಿಸಾಡಿದೆ."

ಸುಮತಿ ಚೂರಿಯನ್ನು ತೆಗೆದುಕೊಂಡು ಒಂದು ಬದನೆಕಾಯಿ ಹೆಚ್ಚಿ ನೋಡಿದಳು. ಸಲೀಸಾಗಿ ತುಂಡಾಯಿತು. ಮತ್ತೆ ನನ್ನ ಕಡೆಗೆ ಕೈ ಚಾಚಿದಳು.

"ಆ ಭೂತಕನ್ನಡಿಯನ್ನೂ ಇತ್ತ ಕೊಡಿ. ಅಕ್ಕಿಯಲ್ಲಿ ಕಲ್ಲು ಹೆಕ್ಕಲಿಕ್ಕುಂಟು."

ಕೊಟ್ಟೆ.