ಸಾಸಿವೆ ಕಂಡಲ್ಲಿ ನಿಲ್ಲು

ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ ಎಂದು ಹೆಸರಿಟ್ಟವರು ಖಂಡಿತ ಅಡುಗೆಮನೆಯವರಲ್ಲ. ಬೆಳಿಗ್ಗೆ ಐದಕ್ಕೆ ಎದ್ದವಳಿಗೆ ಮೂರು ಬಗೆಯ ವಿರಾಮ ಎಲ್ಲಿಂದ ಬರಬೇಕು? ಅದಕ್ಕೇ ಇರಬೇಕು, ನಾನು ಕಾಗದ ನೋಡಿ ಓದುವಾಗಲೂ ಎಲ್ಲಿಯೂ ನಿಲ್ಲುವುದಿಲ್ಲ. ಹೋದ ವರ್ಷ ಮಕ್ಕಳ ಶಾಲೆಯ ಸಭೆಯಲ್ಲಿ ಸ್ವಾಗತ ಭಾಷಣ ಓದಿ ಮುಗಿಸಿದಾಗ, ಸ್ವಾಗತ ಯಾರಿಗೆ ಆಯಿತೆಂದು ಯಾರಿಗೂ ತಿಳಿಯಲಿಲ್ಲ. "ಕೋಸಗಿಯಾಗ ನಿಲ್ಲದ ರೈಲು ಹೋದಂಗಾತು ನೋಡು," ಎಂದರು ನಮ್ಮ ಯಜಮಾನರು.

ಈ ವರ್ಷ ಹಾಗಾಗುವಂತಿರಲಿಲ್ಲ. ಕನ್ನಡ ಮಾಸ್ತರರು ನಿವೃತ್ತರಾಗುತ್ತಿದ್ದರು. ಪೇಟೆಯೆಲ್ಲ ತೆಲುಗು ಮಾತಾಡುವ ಈ ಆದೋನಿಯಲ್ಲಿ ನನ್ನ ಮೂರೂ ಮಕ್ಕಳ ಕೈಹಿಡಿದು ಕನ್ನಡ ತಿದ್ದಿಸಿದವರು ಅವರು. ತಾಯಂದಿರ ಪರವಾಗಿ ಕೃತಜ್ಞತೆ ಹೇಳುವ ಕೆಲಸ ನನ್ನದು. ಇದೊಂದು ಸಲ ತಪ್ಪಿದರೆ ಅವರಿಗೆ ಇನ್ನೆಂದು ಹೇಳುವುದು?

ಅಕ್ಕಿ ಆರಿಸುತ್ತಿದ್ದ ಅತ್ತೆಯ ಮುಂದೆ ಓದಿ ನೋಡಿದೆ. ಅವರಿಗೆ ಅಕ್ಷರ ಬಾರದು.

"ಪಾರವ್ವಾ, ಉಸುರುಗಟ್ಟಿ ಸಾಯ್ತಿ ನೋಡು! ಇದರಾಗ ನಿಲ್ಲೋ ಗುರುತು ಇಲ್ಲೇನು?"

"ಅದಾವ್ರಿ ಅತ್ತಿ, ಕಣ್ಣಿಗೆ ಬೀಳಂಗಿಲ್ಲ."

"ತಾ ಇಲ್ಲಿ, ತೋರಿಸು."

ತೋರಿಸಿದೆ. ಅವರು ಅಲ್ಪವಿರಾಮಕ್ಕೆ "ಇದು ಜೀರಿಗಿ" ಎಂದರು. ಪೂರ್ಣವಿರಾಮ ಸಾಸಿವೆ. ಆಶ್ಚರ್ಯಸೂಚಕ ಲವಂಗ. ಪ್ರಶ್ನಾರ್ಥಕ, ಬಾಗಿದ ಮೆಣಸಿನಕಾಯಿ ತೊಟ್ಟು. ಅಷ್ಟಕ್ಕೇ ಬಿಡಲಿಲ್ಲ; ಮಸಾಲೆ ಡಬ್ಬಿ ತರಿಸಿ, ಒಂದೊಂದು ಗುರುತಿನ ಮೇಲೂ ಗಂಜಿ ಹಚ್ಚಿ ಆಯಾ ಕಾಳನ್ನೇ ಅಂಟಿಸಿದರು. "ಜೀರಿಗಿಗೆ ಉಸುರು ತಗೋ, ಸಾಸಿವಿಗೆ ನಿಂದ್ರು," ಎಂದು ಹತ್ತು ಸಲ ಓದಿಸಿದರು.

ಸಭೆಯಲ್ಲಿ ಬೆರಳಿಂದ ತಡವುತ್ತ ಓದಿದೆ. ಮೊದಲ ಪುಟ ಮುಗಿಯುವಾಗ ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎರಡನೆಯ ಪುಟ ತಿರುಗಿಸಿದೆ. ಒಣಗಿದ ಗಂಜಿ ಬಿಟ್ಟುಕೊಂಡು, ಫ್ಯಾನಿನ ಗಾಳಿಗೆ ಕಾಳೆಲ್ಲ ಹಾರಿ ಮುಖ್ಯ ಅತಿಥಿಗಳ ಶಲ್ಯದ ಮೇಲೆ ಬಿದ್ದವು. ನನ್ನ ಓದು ಓಟಕ್ಕೆ ತೊಡಗಿತು. ಆಗ ಮುಂದಿನ ಸಾಲಿನಲ್ಲಿ ಅತ್ತೆಯ ಕೈ ಮೇಲೆದ್ದಿತು. ಭಾಷಣ ಅವರಿಗೆ ಬಾಯಿಪಾಠವಾಗಿತ್ತಲ್ಲ! ಕೈ ಏರಿದಾಗ ಉಸಿರೆಳೆದೆ, ಇಳಿದಾಗ ನಿಂತೆ. ಹೀಗೆ ದಡ ಮುಟ್ಟಿದೆ.

"ತಾಯೀ, ನೀವಂದ ಒಂದೊಂದು ಮಾತೂ ತಿಳೀತ್ರಿ," ಎಂದು ಮಾಸ್ತರರು ಕೈಮುಗಿದರು.

ಮನೆಗೆ ಬಂದು ಅತ್ತೆಯ ಕೈ ಹಿಡಿದೆ. ಹೇಳಬೇಕಾದದ್ದು ಇಪ್ಪತ್ತೆರಡು ವರ್ಷದ್ದಿತ್ತು. ಬಾಣಂತನದಿಂದ ಹಿಡಿದು ಇವತ್ತಿನವರೆಗಿನದೆಲ್ಲ ಒಂದೇ ಉಸಿರಿನಲ್ಲಿ ಹೊರಬಂತು. ಅವರು ಒಮ್ಮೆಯೂ ತಡೆಯಲಿಲ್ಲ. ಕೊನೆಗೆ ನಾನೇ ದಣಿದು ನಿಂತೆ.

"ನಿಂತ್ಯಾಕ?" ಎಂದರು ಅತ್ತೆ. "ಹೇಳು, ಚಲೋ ಕೇಳಿಸಲಿಕತ್ತಿತ್ತು."