ಹನ್ನೊಂದು ಗಿಡಕ್ಕೆ ಕೆಂಪು ಟೇಪು

"ಅಮ್ಮಾ, ಭರಮಪ್ಪ ಮಾಮನ್ನ ಯಾಕೆ ನೀರಲ್ಲಿ ನಿಲ್ಲಿಸಿ ಬೈತಿದಾರೆ? ಸ್ಕೂಲಲ್ಲಿ ಬೆಂಚ್ ಮೇಲೆ ತಾನೇ ನಿಲ್ಲಿಸೋದು?"

ಮಗಳು ಕೇಳಿದ್ದು ಸರಿಯಾಗೇ ಇತ್ತು. ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಕೆರೆ. ಭರಮಪ್ಪ ಕೊಪ್ಪಳದ ಕಡೆಯವರು. ದಿನಗೂಲಿಗೆ ಕೆರೆಯ ಕಳೆ ಕೀಳುತ್ತಾರೆ, ಏರಿಯ ಮೇಲಿನ ತಗಡಿನ ಶೆಡ್ಡಿನಲ್ಲಿ ವಾಸ. ಬೈಯುತ್ತಿದ್ದವರು ನಮ್ಮ ಕೆರೆ ಸಮಿತಿಯ ದೇವರಾಜ್ ಸಾರ್.

ದೇವರಾಜ್: ಇಡೀ ಕೆರೇಲಿ ಹನ್ನೊಂದೇ ಗಿಡ ಇದ್ದಿದ್ದು ಕಣಯ್ಯಾ! ಒಂದೇ ಕಡ್ಡೀಲಿ ಎರಡು ಬಿಳಿ ತೆನೆ. ಫೋಟೋ ನೋಡಿ ಬಾಟನಿ ಪ್ರೊಫೆಸರ್ ಕುಣಿದಾಡಿಬಿಟ್ರು, ಸುತ್ತಮುತ್ತ ಎಲ್ಲೂ ಉಳಿದಿಲ್ವಂತೆ. ಕಳೆ ಬಿಟ್ಟು ಅದನ್ನೇ ಕಿತ್ತಿದ್ದೀಯಲ್ಲ!

ಭರಮಪ್ಪ: ನೀವ ಸುತ್ತಲೂ ಗೂಟ ಬಡದು ಕೆಂಪು ಟೇಪು ಕಟ್ಟಿದ್ರೆಲ್ರೀ ಸಾಹೇಬ್ರ.

ದೇವರಾಜ್: ಉಳಿಸೋಕೆ ಕಟ್ಟಿದ್ದು!

ಭರಮಪ್ಪ: ಈ ಊರಾಗ ಕೆಂಪು ಹಚ್ಚಿದ್ದು ಯಾವುದು ಉಳದೈತಿ ಹೇಳ್ರಿ.

ನಾನು: ಅದು ನಿಜ ಸಾರ್. ನಮ್ಮ ಗೇಟಿನ ಹೊಂಗೆ ಮರಕ್ಕೂ ಕೆಂಪು ನಂಬರೇ ಬರೆದಿದ್ದು. ಮಾರನೇ ದಿನ ಬುಡಾನೂ ಇರ್ಲಿಲ್ಲ.

ದೇವರಾಜ್: ನೀವು ಯಾರ ಕಡೆ ಮೇಡಂ?

ನಾನು: ಬಿಸಿಲಲ್ಲಿ ಸ್ಕೂಲ್ ವ್ಯಾನಿಗೆ ಕಾಯೋಳು ಸಾರ್, ನೆರಳಿನ ಕಡೆ.

ದೇವರಾಜ್: ನಾಳೆ ಪ್ರೊಫೆಸರ್ ಬರ್ತಿದಾರೆ. ಏನು ತೋರಿಸ್ಲಿ, ಟೇಪಾ? ಎಲ್ಲಿ ಎಸೆದೆ ಹೇಳು.

ಭರಮಪ್ಪ: ಒಗದಿಲ್ರೀ. ಇದರ ಗಡ್ಡಿ ನಮ್ಮೂರಾಗ ಸುಟ್ಕೊಂಡು ತಿಂತಿದ್ವಿ. ಭಾಳ ರುಚಿ.

ದೇವರಾಜ್ ಸಾರ್ ಏರಿಯಿಂದ ನೀರಿನ ಅಂಚಿಗೇ ಇಳಿದುಬಿಟ್ಟರು.

ದೇವರಾಜ್: ತಿಂದ್ಬಿಟ್ಯಾ?

ಭರಮಪ್ಪ: ಹನ್ನೊಂದು ಗಡ್ಡಿ ಯಾರ ಹೊಟ್ಟಿಗೆ ಸಾಲ್ತಾವ್ರೀ? ಮದ್ಲ ಹೆಚ್ಚಾಗ್ಲಿ ಅಂತ ಪೇಂಟಿನ ಬಕೀಟಿನಾಗ ಕೆಸರು ತುಂಬಿ ಹಚ್ಚೇನಿ.

ಭರಮಪ್ಪನ ಹಿಂದೆ ಎಲ್ಲರೂ ಏರಿ ಹತ್ತಿದೆವು. ಶೆಡ್ಡಿನ ಮುಂದೆ ಮೂರು ಬಕೆಟ್. ಮಗಳು ಬೆರಳಿಟ್ಟು ಎಣಿಸಿದಳು. ಹನ್ನೊಂದೂ ಇದ್ದವು, ಒಂದರಲ್ಲಿ ಹೊಸ ತೆನೆ ಬೇರೆ.

ದೇವರಾಜ್: ಭರಮಪ್ಪಾ! ನಮ್ಮ ಸಮಿತಿಗಿಂತ ನೀನೇ ವಾಸಿ ಕಣಯ್ಯಾ!

ಸಂತೋಷ ತಡೆಯಲಾರದೆ ಬಕೆಟ್ಟಿಗೆ ಸುತ್ತಲು ಜೇಬಿನಿಂದ ಕೆಂಪು ಟೇಪು ತೆಗೆದರು.

ಮಗಳು: ಅಂಕಲ್, ಬೇಡಾ!

ಟೇಪು ವಾಪಸ್ ಜೇಬಿಗೆ ಹೋಯಿತು. ಅವರು ಪ್ರೊಫೆಸರಿಗೆ ಫೋನ್ ಮಾಡುತ್ತಿದ್ದಾಗ ಭರಮಪ್ಪ ನನ್ನನ್ನು ಮೆಲ್ಲಗೆ ಶೆಡ್ಡಿನ ಹಿಂದಕ್ಕೆ ಕರೆದರು. ತಗಡಿನ ಮೇಲೆ ದೊಡ್ಡದಾಗಿ ಒಂದು ಕೆಂಪು ನಂಬರು. ಬಣ್ಣ ಇನ್ನೂ ಹಸಿ.

"ಅಕ್ಕಾರ, ಇವತ್ತ ಮುಂಜಾನಿ ಯಾರೋ ಬಂದು ಬರದು ಹೋದ್ರು. ಇದು ಕೀಳೂ ಕೆಂಪೈತೋ, ಸಾಹೇಬ್ರು ಹೇಳಿದ ಉಳಿಸೂ ಕೆಂಪೈತೋ, ಒಂದೀಟು ಕೇಳಿ ಹೇಳ್ರಿ."